ಸೂಜಿ ಹರಡಿಸುವುದಿಲ್ಲ ಮಾರಾಯ್ರೆ!

ಎಲ್ಲರಿಗೂ ತೀರ್ಥಹಳ್ಳಿಯಿಂದ ನಮಸ್ಕಾರ. ಇವತ್ತು ತಲೆ ಬಿಸಿ ಮಾಡಿಕೊಂಡೇ ಕೂತಿದ್ದೇನೆ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಎದೆಯ ಗಂಟಿಗೆ ಸೂಜಿ ಹಾಕಿಸಬೇಡಿ, ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ." ಅದಕ್ಕೆ 40 ಲೈಕ್! ನನ್ನ ಹಲಸಿನ ಹಪ್ಪಳದ ವಿಡಿಯೋಗೂ ಅಷ್ಟು ಬಂದಿರಲಿಲ್ಲ.

ಸೂಜಿ ಹರಡಿಸುವುದಿಲ್ಲ. ಬಯಾಪ್ಸಿ ಅಂದರೆ ಸೂಜಿ ಹಾಕಿ ಗಂಟಿನಿಂದ ಒಂದು ಚೂರು ತೆಗೆದು, ಅದು ಏನು ಅಂತ ನೋಡುವುದು, ಅಷ್ಟೇ. ಚಿಕ್ಕ ವಯಸ್ಸಿನವರ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ಎಷ್ಟೋ ಸಲ ಆ ನೆಮ್ಮದಿಯ ಮಾತು ಸಿಗುವುದೂ ಸೂಜಿಯಿಂದಲೇ.

ಮತ್ತೆ ಹರಡುವುದು ಯಾಕೆ? ಒಂದು, ಕ್ಯಾನ್ಸರಿನ ಜಾತಿ. ಟ್ರಿಪಲ್ ನೆಗೆಟಿವ್ ಅನ್ನುವ ಬಗೆ ಬೇಗ ಬೆಳೆಯುತ್ತದೆ, ಹಾರ್ಮೋನ್ ತಡೆಯುವ ಮಾತ್ರೆಗೆ ಬಗ್ಗುವುದಿಲ್ಲ. ಹಿರಿಯರಿಗಿಂತ 40 ದಾಟದವರಲ್ಲಿ ಇದು ಜಾಸ್ತಿ. ಕ್ಯಾನ್ಸರ್ ತಡೆಯುವ ಬಿಆರ್‌ಸಿಎ1 ಅನ್ನುವ ಜೀನ್ ಕೆಟ್ಟವರಲ್ಲೂ ಹೆಚ್ಚಾಗಿ ಇದೇ. ಇನ್ನೊಂದು ಹೆರಿಗೆ. ಹೆತ್ತು 5 ವರ್ಷದೊಳಗೆ ಪತ್ತೆಯಾದ ಕ್ಯಾನ್ಸರ್ ಹರಡುವ ಅಪಾಯ ಜಾಸ್ತಿ. ಮಗು ಹಾಲು ಬಿಟ್ಟ ಮೇಲೆ ಹಾಲಿನ ಗ್ರಂಥಿ ಕುಗ್ಗುತ್ತದಲ್ಲ, ಆಗ ಒಳಗೆ ಗಾಯ ಮಾಯುವಾಗ ನಡೆಯುವಂಥ ಕೆಲಸವೇ ನಡೆಯುತ್ತದೆ. ಮೊದಲೇ ಅಡಗಿ ಕೂತ ಕ್ಯಾನ್ಸರಿಗೆ ಅದು ಗೊಬ್ಬರ ಹಾಕಿದ ಹಾಗೆ. ಹಾಗಂತ ಹಾಲು ಕುಡಿಸಬೇಡಿ ಅಂದೆನಾ? ಇಷ್ಟೇ ತುಂಡು ಮಾಡಿ ವಾಟ್ಸಾಪಿಗೆ ಹಾಕಬೇಡಿ! ಎದೆಹಾಲು ಕುಡಿಸಿದರೆ ಕ್ಯಾನ್ಸರ್ ಬರುವ ಅಪಾಯ ಕಡಿಮೆಯಾಗುತ್ತದೆ.

ಬಾಣಂತಿ ಎದೆಯಲ್ಲಿ ಗಂಟು ಸಿಕ್ಕಿದರೆ ನಮ್ಮ ಕಡೆ ಏನು ಹೇಳುತ್ತಾರೆ? "ಹಾಲು ಕಟ್ಟಿಕೊಂಡಿದೆ ಕಣೇ, ಶಾಖ ಕೊಡು." ಸರಿ, ಕೊಡಿ. ಎರಡು ವಾರ ಆದರೂ ಕರಗಲಿಲ್ಲವಾ? ಹೊರಡಿ ಡಾಕ್ಟರ್ ಹತ್ತಿರ. ಸಣ್ಣ ವಯಸ್ಸಿನಲ್ಲಿ ಎದೆಯ ಅಂಗಾಂಶ ದಟ್ಟ, ಮ್ಯಾಮೋಗ್ರಾಮಿನಲ್ಲಿ ಗಂಟು ಮರೆಯಾಗಬಹುದು. ಅದಕ್ಕೇ ಅಲ್ಟ್ರಾಸೌಂಡ್. ಅದಕ್ಕೇ ಸೂಜಿ!

"ನಮ್ಮ ಚಿಕ್ಕಮ್ಮನಿಗೆ ಸೂಜಿ ಹಾಕಿದ ಮೇಲೇ ಹರಡಿದ್ದು" ಅನ್ನುತ್ತೀರಿ. ಅಡಿಕೆ ತೋಟದವರೇ, ಕೊಳೆ ಹತ್ತಿ ಕಾಯಿ ಉದುರುವಾಗ ಬೋರ್ಡೋ ಔಷಧಿ ಹೊಡೆದು, "ಬೋರ್ಡೋದಿಂದಲೇ ಕೊಳೆ ಬಂತು" ಅಂತೀರಾ? ಚಿಕ್ಕಮ್ಮನ ಕಂಕುಳ ಗ್ರಂಥಿಗೆ ಕ್ಯಾನ್ಸರ್ ಮೊದಲೇ ಇಳಿದಿತ್ತೋ ಏನೋ, ಸೂಜಿ ಬಂದು ತೋರಿಸಿತು. ಸುದ್ದಿ ತಂದ ಪೋಸ್ಟ್‌ಮ್ಯಾನನ್ನು ಹಿಡಿದು ಹೊಡೆಯುತ್ತೀರಲ್ಲ!

"ಸೂಜಿ ದಾರಿಯಲ್ಲಿ ಜೀವಕೋಶ ಜಾರುತ್ತದಂತೆ" ಅಂತ ಗೂಗಲ್ ಪಂಡಿತರು ಬರುತ್ತಾರೆ. ನಾಲ್ಕು ಜಾರಿದರೂ ಅದರಿಂದ ರೋಗಿಯ ಆಯಸ್ಸು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಸ್ವಾಮಿ. ಸೂಜಿ. ಹರಡಿಸುವುದಿಲ್ಲ.

ಅಂದ ಹಾಗೆ, ನಮ್ಮ ಅತ್ತಿಗೆಯ ಅಪ್ಪೆಮಿಡಿ ಉಪ್ಪಿನಕಾಯಿ ರೆಡಿ ಇದೆ, ಬೇಕಾದವರು ಮೆಸೇಜ್ ಮಾಡಿ. ಜಾಡಿಗೆ ಒದ್ದೆ ಕೈ ಹಾಕಿದರೆ ಬೂಸ್ಟು ಹರಡುತ್ತದೆ, ಅದನ್ನು ಬೇಕಾದರೆ ನಂಬಿ. ಸೂಜಿಯದ್ದು ನಂಬಬೇಡಿ!

ಯಾಕೆ ಅಂತ ಮತ್ತೆ ಕೇಳುತ್ತೀರಾ? ಇಷ್ಟು ಹೊತ್ತು ಹೇಳಿದ್ದು ಏನು ಮತ್ತೆ! ಆ 40 ಲೈಕಿನವರು ಬಂದು ಬೈಯಿರಿ, ಪರವಾಗಿಲ್ಲ. ಬೈಯುವ ಮೊದಲು ಸಬ್‌ಸ್ಕ್ರೈಬ್ ಆಗಿ.