ಆಕಾಶದ ಜಾಹೀರಾತು ಮತ್ತು ನೋಡುವವನ ಹಕ್ಕು

ಮಾನ್ಯರೇ,

ಕಳೆದ ದೀಪಾವಳಿಯ ಹೊತ್ತಿನಲ್ಲಿ ಹಾಸನದ ಬಿ.ಎಂ. ರಸ್ತೆಯ ಬಟ್ಟೆ ಅಂಗಡಿಯೊಂದರ ತಾರಸಿಯ ಮೇಲೆ ದೊಡ್ಡ ಕೆಂಪು ಬಲೂನೊಂದು ಹಾರಾಡುತ್ತಿತ್ತು. ಅದರ ನೈಲಾನ್ ಹಗ್ಗವನ್ನು ನೀರಿನ ಟ್ಯಾಂಕಿನ ಪೈಪಿಗೆ ಬಿಗಿದಿದ್ದರು. ಗಾಳಿ ಬೀಸಿದಾಗಲೆಲ್ಲ ಬಲೂನು ತಿರುಗಿ, ‘ರಿಯಾಯಿತಿ’ ಎಂಬ ಪದ ಅರ್ಧವಷ್ಟೇ ಕಾಣುತ್ತಿತ್ತು. ಕಟ್ಟಿದವರಿಗೆ ಅದು ಅಂಗಡಿಯ ಇನ್ನೊಂದು ಬೋರ್ಡು. ಆದರೆ 1934ರ ವಿಮಾನ ಕಾಯ್ದೆಯು ‘ವಿಮಾನ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಹಗ್ಗಕ್ಕೆ ಕಟ್ಟಿದ ಬಲೂನು ಮಾತ್ರವಲ್ಲ, ಗಾಳಿಪಟವೂ ಸೇರಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಯಲ್ಲಿದೆ.

ವಿಮಾನಯಾನ ಕೇಂದ್ರ ಪಟ್ಟಿಯ ವಿಷಯ. ಡ್ರೋನುಗಳಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ನೋಂದಣಿ ಸಂಖ್ಯೆ, ಹಾರಿಸುವವರ ಪ್ರಮಾಣಪತ್ರ, ಮುಂಚಿತ ಅನುಮತಿಯಿಲ್ಲದೆ ಹಾರಿಸಬಹುದಾದ ‘ಹಸಿರು ವಲಯ’ದಲ್ಲಿ 400 ಅಡಿ ಎತ್ತರದ ಮಿತಿ, ಇವೆಲ್ಲ ಅಲ್ಲಿವೆ. ಇವು ಅಗತ್ಯವೂ ಹೌದು. ಆದರೆ ಈ ನಿಯಮಗಳ ಚಿಂತೆ ಮುಖ್ಯವಾಗಿ ಸುರಕ್ಷತೆಯದು, ಕೆಳಗೆ ನಿಂತು ನೋಡುವವನದಲ್ಲ. ಜಾಹೀರಾತೂ ವಾಕ್‌ಸ್ವಾತಂತ್ರ್ಯದ ಭಾಗವೆಂದು 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ಪತ್ರಿಕೆಯ ಜಾಹೀರಾತನ್ನು ಪುಟ ಮಗುಚಿ ದಾಟಬಹುದು, ಆಕಾಶವನ್ನು ಮಗುಚಲಾಗದು.

ಬೇರೆ ದೇಶಗಳು ಈ ವ್ಯತ್ಯಾಸವನ್ನು ಗುರುತಿಸಿವೆ. 1922ರಲ್ಲಿ ಇಂಗ್ಲೆಂಡಿನ ಎಪ್ಸಮ್ ಕುದುರೆ ಪಂದ್ಯದ ಮೇಲೆ ವಿಮಾನವೊಂದು ಹೊಗೆಯಿಂದ ‘ಡೈಲಿ ಮೇಲ್’ ಎಂದು ಬರೆದಿತ್ತು. ಅದೇ ಬ್ರಿಟನ್ನಿನಲ್ಲಿ 1982ರ ನಾಗರಿಕ ವಿಮಾನಯಾನ ಕಾಯ್ದೆಯ 82ನೇ ಕಲಮು, ಹಾರುವ ವಿಮಾನದಿಂದ ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ಜಾಹೀರಾತನ್ನು ನಿಗದಿತ ವಿನಾಯಿತಿಗಳ ಹೊರತು ನಿಷೇಧಿಸಿದೆ. ಹೊನೊಲುಲು ನಗರ ಕಡಲತೀರದ ಸೊಬಗನ್ನು ಕಾಪಾಡಲು ವಿಮಾನಗಳು ಬ್ಯಾನರ್ ಎಳೆಯುವುದನ್ನು ತಡೆದಾಗ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. 2006ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ನಗರದ ನಿಯಮವನ್ನೇ ಎತ್ತಿಹಿಡಿಯಿತು. ದೂರದರ್ಶಕವಿಲ್ಲದೆ ನೆಲದಿಂದ ಗುರುತಿಸಬಹುದಾದ ಜಾಹೀರಾತನ್ನು ಬಾಹ್ಯಾಕಾಶದಲ್ಲಿ ಹೂಡುವ ಉಡಾವಣೆಗೆ ಪರವಾನಗಿ ಕೊಡಬಾರದೆಂಬ ಕಾನೂನೂ ಆ ದೇಶದಲ್ಲಿದೆ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರವಿರುವ ಊರಿನವರಾದ ನಮಗೆ ಇದು ದೂರದ ಮಾತೆನಿಸಬಾರದು.

ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಸರದಿಯಲ್ಲಿ ಗಂಟೆಗಟ್ಟಲೆ ನಿಂತವರ ತಲೆಯ ಮೇಲೆ ಡ್ರೋನುಗಳು ಚಿನ್ನದಂಗಡಿಯ ಹೆಸರನ್ನು ದೀಪಗಳಲ್ಲಿ ಬರೆದರೆ, ಅವರು ಎತ್ತ ತಿರುಗಬೇಕು? ಡ್ರೋನ್ ನಿಯಮಗಳಡಿ ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಪ್ರದೇಶವನ್ನು ಒಮ್ಮೆಗೆ ಗರಿಷ್ಠ 96 ಗಂಟೆಗಳ ಕಾಲ ತಾತ್ಕಾಲಿಕ ‘ಕೆಂಪು ವಲಯ’ವೆಂದು, ಅಂದರೆ ಡ್ರೋನ್ ಹಾರಾಟಕ್ಕೆ ನಿಷೇಧವಿರುವ ಜಾಗವೆಂದು, ಘೋಷಿಸಬಹುದು. ಆದರೆ ಅದು ತುರ್ತು ಸಂದರ್ಭಕ್ಕೆ ಮೀಸಲಾದ ಅಧಿಕಾರ. ನೋಡುವವನ ಒಪ್ಪಿಗೆಯನ್ನು ಪರಿಗಣಿಸುವ ಪ್ರತ್ಯೇಕ ಕಲಮೊಂದನ್ನು ಆ ನಿಯಮಗಳಿಗೇ ಸೇರಿಸಬೇಕೆಂಬುದು ನನ್ನ ಬೇಡಿಕೆ.