ಮೊದಲು ಗೋಡೆ ಹತ್ತಿ, ಕೋಟೆ ಆಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ನೆಲೆಸಿದ್ದು, ಬೇಸಿಗೆಯಲ್ಲಿ ಅವರ ಮನೆಗೆ ಹೋಗಿ ಒಂದಷ್ಟು ತಿಂಗಳು ಇದ್ದು ಬರುವ ಅಪ್ಪ ಅಮ್ಮಂದಿರು ಈಗ ನಮ್ಮಲ್ಲಿ ಕಡಿಮೆಯೇನಿಲ್ಲ. ಇವತ್ತಿನ ಮಾತು ಅವರಿಗೆ. ಲಂಡನ್ ನೋಡಿ ಆಗಿರುತ್ತದೆ. ಅರಮನೆ, ದೊಡ್ಡ ಗಡಿಯಾರ, ನದಿ ಎಲ್ಲದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಅದಾದ ಮೇಲೆ, ನೀವಿರುವುದು ಮ್ಯಾಂಚೆಸ್ಟರ್, ಲಿವರ್‌ಪೂಲ್, ಚೆಸ್ಟರ್ ಕಡೆಯಾದರೆ, ಒಂದು ದಿನ ಬಿಡುವು ಮಾಡಿಕೊಂಡು ವೇಲ್ಸಿನ ಉತ್ತರ ಕರಾವಳಿಗೆ ಹೋಗಿ. ಅಲ್ಲಿ ಕಾನ್ವಿ ಅಂತ ಒಂದು ಊರಿದೆ. ನದಿ ಸಮುದ್ರ ಸೇರುವ ಜಾಗದಲ್ಲಿ ಬಂಡೆಯ ಮೇಲೊಂದು ಕೋಟೆ. ಆ ಕೋಟೆಯಿಂದ ಹೊರಟು, ಇಡೀ ಊರನ್ನು ಬಳಸಿಕೊಂಡು, ಮತ್ತೆ ಕೋಟೆಗೇ ಬಂದು ಸೇರುವ ಊರಗೋಡೆ. ಕಟ್ಟಿ ಏಳುನೂರು ವರ್ಷ ದಾಟಿದೆ, ಇನ್ನೂ ನಿಂತಿದೆ.

ನಾನು ಕಟ್ಟಡದ ಇಂಜಿನಿಯರ್ ಆಗಿದ್ದವನು. ಹಳೇ ಕೋಟೆಗಳೆಂದರೆ ಒಂದು ಹುಚ್ಚು, ಅಷ್ಟೆ. ರಾಜರ ಪಟ್ಟಿ ಒಪ್ಪಿಸುವುದಕ್ಕೆ ನಾನು ಬಂದಿಲ್ಲ. ಒಂದೇ ಒಂದು ಮಾತು ಹೇಳುವುದಕ್ಕೆ ಬಂದಿದ್ದೇನೆ. ಕಾನ್ವಿಗೆ ಹೋದವರು ಮೊದಲು ಗೋಡೆ ಹತ್ತಿ. ಕೋಟೆ ಆಮೇಲೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಯಾರೂ ಹಾಗೆ ಮಾಡುವುದಿಲ್ಲ. ಬಸ್ಸಿನಿಂದ ಇಳಿಯುತ್ತಾರೆ, ನೇರ ಕೋಟೆಯ ಟಿಕೆಟ್ ಕೌಂಟರಿಗೆ ಓಡುತ್ತಾರೆ, ಒಂದು ಬುರುಜು ಹತ್ತಿ ಸೆಲ್ಫಿ ತೆಗೆಯುತ್ತಾರೆ, ಕೆಳಗಿಳಿದು ಐಸ್‌ಕ್ರೀಮ್ ತಿಂದು ಬಸ್ಸು ಹತ್ತುತ್ತಾರೆ. ಮದುವೆಮನೆಗೆ ಹೋಗಿ, ಊಟ ಮುಗಿಸಿ, ಗಂಡು ಹೆಣ್ಣಿನ ಮುಖ ನೋಡದೆ ವಾಪಸ್ಸು ಬಂದ ಹಾಗೆ. ದುಡ್ಡು ಕೊಟ್ಟು ನೋಡುವುದೇ ಮುಖ್ಯ ಅಂತ ನಮ್ಮ ಜನಕ್ಕೆ ಒಂದು ನಂಬಿಕೆ. ಗೋಡೆಗೆ ಟಿಕೆಟ್ ಇಲ್ಲ, ಹಾಗಾಗಿ ಗೋಡೆಗೆ ಬೆಲೆಯೂ ಇಲ್ಲ!

ಗೋಡೆ ಎಷ್ಟು ಉದ್ದ? ಸುಮಾರು 1.3 ಕಿಲೋಮೀಟರ್. ಅದರಲ್ಲಿ 21 ಬುರುಜು. ಹಳೆಯ ಊರಬಾಗಿಲುಗಳು ಮೂರು: ಮೇಲಿನದು, ಗಿರಣಿ ಬಾಗಿಲು, ಮತ್ತೆ ಹಡಗುಕಟ್ಟೆಯ ಕಡೆಗೆ ತೆರೆಯುವ ಕೆಳಗಿನ ಬಾಗಿಲು. ಗೋಡೆಯ ನೆತ್ತಿಯ ಮೇಲೆ ಹೆಚ್ಚಿನ ಭಾಗ ನಡೆದುಕೊಂಡೇ ಹೋಗಬಹುದು. ಮೇಲಿನ ಬಾಗಿಲಿನ ಹತ್ತಿರ ಮೆಟ್ಟಿಲಿದೆ, ಅಲ್ಲಿಂದ ಹತ್ತಿ. ಪಶ್ಚಿಮದ ಮೂಲೆಯಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಬುರುಜಿದೆ. ಅಲ್ಲಿ ನಿಂತುಕೊಳ್ಳಿ. ಕಾಲ ಕೆಳಗೆ ಊರಿನ ಕಲ್ಲಿನ ಹಂಚಿನ ಸೂರುಗಳು, ನಡುವೆ ಚರ್ಚು, ಆಚೆ ತುದಿಯಲ್ಲಿ ಕೋಟೆ, ಅದರಾಚೆ ನದೀಮುಖ. ಕಾನ್ವಿ ಅರ್ಥವಾಗುವುದು ಅಲ್ಲಿ. ಕೋಟೆಯೊಳಗೆ ಹೊಕ್ಕರೆ ಕೋಟೆ ಮಾತ್ರ ಕಾಣುತ್ತದೆ. ಗೋಡೆಯ ಮೇಲೆ ನಿಂತರೆ ಕೋಟೆ ಯಾತಕ್ಕೆ ಬೇಕಾಗಿತ್ತು ಅನ್ನುವುದು ಕಾಣುತ್ತದೆ.

ಯಾತಕ್ಕೆ ಬೇಕಾಗಿತ್ತು? 1282ರ ಡಿಸೆಂಬರಿನಲ್ಲಿ ವೇಲ್ಸಿನ ರಾಜಕುಮಾರ ಲ್ಲೆವೆಲಿನ್ ಯುದ್ಧದಲ್ಲಿ ಸತ್ತ. ಮಾರನೇ ವರ್ಷ ಮಾರ್ಚ್‌ನಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಕಾನ್ವಿಗೆ ಬಂದ. ಬಂದ ಕೆಲವೇ ದಿನಕ್ಕೆ ಕೆಲಸ ಶುರು. ಅಲ್ಲಿ ಮೊದಲು ಏನಿತ್ತು ಅಂತ ಕೇಳಿ. ಒಂದು ಕ್ರೈಸ್ತ ಮಠ ಇತ್ತು. ಸತ್ತವನ ತಾತ, ಮಹಾ ಲ್ಲೆವೆಲಿನ್ ಅಂತ ಹೆಸರಾದ ದೊಡ್ಡ ರಾಜ, ಅವನ ಸಮಾಧಿ ಇದ್ದದ್ದು ಆ ಮಠದಲ್ಲಿ. ಎಡ್ವರ್ಡ್ ಮಠವನ್ನೇ ಎಬ್ಬಿಸಿ ನದಿಯ ಮೇಲ್ಗಡೆಯ ಇನ್ನೊಂದು ಊರಿಗೆ ಸಾಗಹಾಕಿದ. ಸನ್ಯಾಸಿಗಳ ಚರ್ಚನ್ನು ಊರಿನ ಚರ್ಚು ಮಾಡಿದ. ಅದೇ ಚರ್ಚು ಇವತ್ತೂ ಊರ ನಡುವೆ ಇದೆ. ರಾಜನ ಕಲ್ಲಿನ ಶವಪೆಟ್ಟಿಗೆ ಈಗ ಲ್ಲಾನ್‌ರೂಸ್ಟ್ ಅನ್ನುವ ಊರಿನ ಚರ್ಚಿನಲ್ಲಿದೆ, ಬರಿದು.

ಆಮೇಲೆ ಒಳಗೆ ಊರು ಕಟ್ಟಿ ಇಂಗ್ಲಿಷ್ ವ್ಯಾಪಾರಿಗಳನ್ನು ಕರೆತಂದು ನಿವೇಶನ ಕೊಟ್ಟ, ಸವಲತ್ತು ಕೊಟ್ಟ. ವೆಲ್ಷ್ ಜನ ಗೋಡೆಯೊಳಗೆ ಮನೆ ಮಾಡುವಂತಿಲ್ಲ ಅಂತ ನಿಯಮ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗೋಡೆಯ ಮೇಲೆ ನಡೆಯಿರಿ. ಎಡಕ್ಕೆ ಒಳಗಿನವರು, ಬಲಕ್ಕೆ ಹೊರಗಿನವರು. ಕೋಟೆ ಕಾಯುತ್ತಿದ್ದದ್ದು ಈ ಎಡಗಡೆಯವರನ್ನು. ಗೋಡೆ ನೋಡದವನಿಗೆ ಇದು ಹೇಗೆ ಗೊತ್ತಾಗಬೇಕು?

ಕೋಟೆ, ಗೋಡೆ ಎರಡನ್ನೂ ಒಟ್ಟಿಗೇ ಕಟ್ಟಿದರು, ಒಂದೇ ಲೆಕ್ಕದಲ್ಲಿ. 1283ರಿಂದ 1287, ನಾಲ್ಕೇ ವರ್ಷ ಚಿಲ್ಲರೆ. ಸುಮಾರು 15,000 ಪೌಂಡ್ ಖರ್ಚು. ಕ್ರೇನಿಲ್ಲ, ಕಾಂಕ್ರೀಟಿಲ್ಲ. ಕೆಲಸದ ಮೇಲ್ವಿಚಾರಣೆ ಸೇಂಟ್ ಜಾರ್ಜಿನ ಜೇಮ್ಸ್ ಎಂಬ ಮೇಸ್ತ್ರಿಯದು, ಆಲ್ಪ್ಸ್ ಸೀಮೆಯ ಸವಾಯ್‌ನಿಂದ ಬಂದವನು. ಮೇಸ್ತ್ರಿ ಅಂದೆನೆಂದು ಹಗುರವಾಗಿ ಕಾಣಬೇಡಿ. ನಾನು ಸೇವೆಯಲ್ಲಿದ್ದಷ್ಟು ಕಾಲ ಕಂಡ ಸರ್ಕಾರಿ ಕಾಮಗಾರಿಗಳನ್ನು ನೆನೆಸಿಕೊಂಡು ಆ ನಾಲ್ಕು ವರ್ಷಕ್ಕೆ ಕೈಮುಗಿಯುತ್ತೇನೆ.

ಈ ಮೇಸ್ತ್ರಿಯ ಒಂದು ಯುಕ್ತಿ ನೋಡಿ. ಊರಗೋಡೆಯ ಬುರುಜುಗಳಿಗೆ ಹೊರಮೈ ಇದೆ, ಬೆನ್ನಿಲ್ಲ. ಊರಿನ ಕಡೆಗೆ ಬಾಯಿ ತೆರೆದುಕೊಂಡಿವೆ. ಗೋಡೆಯ ಮೇಲೆ ನಡೆಯುವ ದಾರಿ ಬುರುಜಿನ ಹತ್ತಿರ ಬಂದಾಗ ತುಂಡಾಗುತ್ತದೆ, ಆ ತುಂಡಿನ ಮೇಲೆ ಮರದ ಹಲಗೆ ಹಾಸಿರುತ್ತಿದ್ದರು. ಶತ್ರು ಒಂದು ಕಡೆ ಗೋಡೆ ಹತ್ತಿಬಿಟ್ಟ ಅನ್ನಿ. ಕಾವಲಿನವರು ಎರಡೂ ಕಡೆಯ ಹಲಗೆ ತೆಗೆದರೆ ಮುಗಿಯಿತು, ಅವನು ಆ ತುಂಡುಗೋಡೆಯ ಮೇಲೇ ಸಿಕ್ಕಿಬಿದ್ದ. ಅತ್ತ ಹೋಗಲಾರ, ಇತ್ತ ಬರಲಾರ.

ಗಿರಣಿ ಬಾಗಿಲಿನ ಹತ್ತಿರ ಗೋಡೆಯ ಹೊರಮೈಗೆ ಅಂಟಿಕೊಂಡಂತೆ ಸಾಲಾಗಿ ಹನ್ನೆರಡು ಕಲ್ಲಿನ ಗೂಡುಗಳು ಕಾಣುತ್ತವೆ. ಮೊಮ್ಮಕ್ಕಳಿಗೆ ಅವೇನು ಅಂತ ಊಹಿಸಲು ಹೇಳಿ. ಪಾಯಖಾನೆಗಳು! ರಾಜನ ಕಚೇರಿಯ ಗುಮಾಸ್ತರಿಗೆಂದು ಕಟ್ಟಿದ್ದು. ಗುಮಾಸ್ತರಿಗೇ ಹನ್ನೆರಡು ಬೇಕಾಗಿತ್ತೆಂದರೆ ಕಾಗದಪತ್ರದ ಕೆಲಸ ಎಷ್ಟಿತ್ತು ನೋಡಿ. ಅಲ್ಲೇ ಹತ್ತಿರ ಗೋಡೆಯಲ್ಲಿ ಕಿಟಕಿಗಳೂ ಇವೆ. ಊರು ಕಾಯುವ ಗೋಡೆಗೆ ಕಿಟಕಿ ಯಾತಕ್ಕೆ? ಅದು ಲ್ಲೆವೆಲಿನ್ ರಾಜಕುಮಾರನ ಹಜಾರದ ಗೋಡೆ. ಅದನ್ನು ಕೆಡವದೆ ಹೊಸ ಗೋಡೆಯೊಳಗೆ ಸೇರಿಸಿಕೊಂಡುಬಿಟ್ಟರು.

ಈಗ ನನಗೆ ತುಂಬ ಇಷ್ಟವಾದ ಕತೆ. ಇದನ್ನು ಹೇಳದೆ ನಾನು ಎದ್ದು ಹೋಗುವವನಲ್ಲ.

1401ನೇ ಇಸವಿ. ಆಗ ಇಂಗ್ಲೆಂಡಿನಲ್ಲಿ ನಾಲ್ಕನೇ ಹೆನ್ರಿ ದೊರೆ. ಓವೈನ್ ಗ್ಲಿಂಡೂರ್ ಎಂಬ ವೆಲ್ಷ್ ನಾಯಕ ಅವನ ಮೇಲೆ ದಂಗೆ ಎದ್ದಿದ್ದ. ಗ್ಲಿಂಡೂರ್‌ನ ನೆಂಟರು ಇಬ್ಬರು ಅಣ್ಣತಮ್ಮಂದಿರು, ಆಂಗಲ್ಸೀ ದ್ವೀಪದ ದೊಡ್ಡ ಮನೆತನದವರು: ರ‍್ಹೀಸ್ ಮತ್ತು ಗ್ವಿಲಿಮ್, ಟ್ಯೂಡರ್‌ನ ಮಕ್ಕಳು. ದಂಗೆಯಲ್ಲಿ ಸೇರಿದ್ದವರಿಗೆಲ್ಲ ಕ್ಷಮೆ ಅಂತ ದೊರೆ ಸಾರಿದ. ಆದರೆ ಗ್ಲಿಂಡೂರ್‌ಗೆ ಇಲ್ಲ, ಈ ಅಣ್ಣತಮ್ಮಂದಿರಿಗೂ ಇಲ್ಲ. ಇವರು ಯೋಚನೆ ಮಾಡಿದರು. ಕ್ಷಮೆ ಬೇಡಿದರೆ ಕೊಡುವುದಿಲ್ಲ, ಸರಿ. ದೊರೆಗೆ ಬೇಕಾದ್ದು ಏನಾದರೂ ನಮ್ಮ ಕೈಯಲ್ಲಿದ್ದರೆ?

ಆ ವರ್ಷ ಗುಡ್ ಫ್ರೈಡೇ ಬಂದದ್ದು ಏಪ್ರಿಲ್ 1ಕ್ಕೆ. ಕಾನ್ವಿ ಕೋಟೆಯಲ್ಲಿ ಕಾವಲಿಗಿದ್ದದ್ದು 15 ಜನ ಕವಚದ ಭಟರು, 60 ಜನ ಬಿಲ್ಲುಗಾರರು. ಒಟ್ಟು 75. ಅಷ್ಟು ದಪ್ಪ ಗೋಡೆ, ಎಂಟು ಬುರುಜು ಇರುವ ಕೋಟೆಗೆ ಎಪ್ಪತ್ತೈದು ಜನ ಸಾಲದೆ? ಧಾರಾಳ ಸಾಕು, ಅವರು ಒಳಗಿದ್ದರೆ! ಹಬ್ಬದ ದಿನ, ಪ್ರಾರ್ಥನೆಗೆಂದು ಕಾವಲು ಪಡೆ ಕೋಟೆ ಬಿಟ್ಟು ಊರ ನಡುವಿನ ಚರ್ಚಿಗೆ ಹೋಯಿತು. ಬಾಗಿಲಲ್ಲಿ ಉಳಿದದ್ದು ಇಬ್ಬರು.

ಆಗ ಒಬ್ಬ ಬಡಗಿ ಬಂದ. ದಿನಾ ಬರುವಂತೆ ಕೆಲಸಕ್ಕೆ ಬಂದಿದ್ದೇನೆ ಅಂದನಂತೆ. ಆ ಕಾಲದ ಒಬ್ಬ ವೃತ್ತಾಂತಕಾರ ಇದನ್ನು ಬರೆದಿಟ್ಟಿದ್ದಾನೆ. ಗುಡ್ ಫ್ರೈಡೇ ದಿನ ಯಾವ ಬಡಗಿ ಕೆಲಸಕ್ಕೆ ಬರುತ್ತಾನೆ ಅಂತ ಆ ಇಬ್ಬರಿಗೆ ಹೊಳೆಯಬೇಡವೇ? ಹೊಳೆಯಲಿಲ್ಲ. ಬಾಗಿಲು ತೆಗೆದರು. ಬಡಗಿಯ ಹಿಂದೆಯೇ ಸುಮಾರು ನಲವತ್ತು ಜನ ನುಗ್ಗಿದರು. ಇಬ್ಬರು ಕಾವಲುಗಾರರೂ ಸತ್ತರು. ಬಾಗಿಲು ಮತ್ತೆ ಮುಚ್ಚಿತು, ಈ ಸಲ ಒಳಗಿನಿಂದ, ಟ್ಯೂಡರ್ ಸೋದರರ ಕೈಯಲ್ಲಿ.

ಚರ್ಚಿನಿಂದ ಹೊರಬಂದ ಆ ಭಟರ ಮುಖ ನೆನೆಸಿಕೊಳ್ಳಿ. ಬ್ರಿಟನ್ನಿನ ಅತಿ ಗಟ್ಟಿ ಕೋಟೆಗಳಲ್ಲಿ ಒಂದು. ಏಣಿ ಹಾಕಿದವರಿಲ್ಲ, ಗೋಡೆಯ ಒಂದು ಕಲ್ಲು ಅಲುಗಲಿಲ್ಲ. ಕೋಟೆ ಹೋಯಿತು.

ಅದಕ್ಕೇ ಹೇಳುತ್ತೇನೆ, ಗೋಡೆ ಹತ್ತಿ ಅಂತ. ಪುಸ್ತಕದಲ್ಲಿ ಓದಿದರೆ ಇದು ನಂಬುವ ಕತೆಯೇ ಅಲ್ಲ. ಪಶ್ಚಿಮದ ಬುರುಜಿನ ಮೇಲೆ ನಿಂತು ಚರ್ಚನ್ನೂ ಕೋಟೆಯನ್ನೂ ಒಮ್ಮೆಗೇ ನೋಡಿ. ಚರ್ಚು ಇಲ್ಲೇ, ಕೋಟೆ ಅಲ್ಲೇ, ಓಡಿದರೆ ಐದು ನಿಮಿಷ ಬೇಡ. ಊರು ಸುತ್ತ ಗೋಡೆ ಇದೆಯಲ್ಲ, ನಾವು ಗೋಡೆಯೊಳಗೇ ಇದ್ದೇವಲ್ಲ ಅನ್ನುವ ಧೈರ್ಯ ಅವರದ್ದು. ನಾನಿದ್ದರೂ ಹೋಗುತ್ತಿದ್ದೆನೋ ಏನೋ.

ಮುಂದೇನಾಯಿತು? ಹಾಟ್‌ಸ್ಪರ್ ಅಂತ ಹೆಸರಾದ ಹೆನ್ರಿ ಪರ್ಸಿ ದಂಡು ತಂದು ಮುತ್ತಿಗೆ ಹಾಕಿದ. ವಾರಗಟ್ಟಲೆ ನಡೆಯಿತು. ಕೊನೆಗೆ ಮಾತುಕತೆ. ಅಣ್ಣತಮ್ಮಂದಿರಿಗೆ ಬೇಕಾಗಿದ್ದ ಕ್ಷಮೆ ಸಿಕ್ಕಿತು. ಆದರೆ ಬಿಟ್ಟಿ ಸಿಗಲಿಲ್ಲ. ತಮ್ಮವರಲ್ಲೇ ಒಂಬತ್ತು ಜನರನ್ನು ಒಪ್ಪಿಸಬೇಕಾಯಿತು. ರಾತ್ರಿ ಕಾವಲು ಮುಗಿಸಿ ಬಂದಿದ್ದವರನ್ನು ಮೋಸದಿಂದ ಕಟ್ಟಿಹಾಕಿ ಒಪ್ಪಿಸಿದರು ಅಂತ ಅದೇ ವೃತ್ತಾಂತಕಾರ ಬರೆಯುತ್ತಾನೆ. ಒಂಬತ್ತೂ ಜನರನ್ನು ಗಲ್ಲಿಗೇರಿಸಿ ತುಂಡು ತುಂಡು ಮಾಡಿದರು. ಅಲ್ಲಿ ಪ್ರವಾಸಿಗರಿಗೆ ಈ ಕತೆ ಹೇಳುವವರು ಬಡಗಿಯ ತನಕ ನಗುನಗುತ್ತ ಹೇಳಿ, ಈ ಒಂಬತ್ತು ಜನರ ಹತ್ತಿರ ಬಂದಾಗ ಮಾತು ಬೇರೆ ಕಡೆ ತಿರುಗಿಸುತ್ತಾರೆ. ನನಗದು ಸರಿ ಕಾಣುವುದಿಲ್ಲ. ರ‍್ಹೀಸ್ ಕೂಡ ಹೆಚ್ಚು ಕಾಲ ಉಳಿಯಲಿಲ್ಲ. ಮತ್ತೆ ಗ್ಲಿಂಡೂರ್ ಜೊತೆ ಸೇರಿದ, 1412ರಲ್ಲಿ ಚೆಸ್ಟರಿನಲ್ಲಿ ಅವನ ತಲೆಯೂ ಹೋಯಿತು.

ಇನ್ನೊಂದು ಸೋಜಿಗ. ಇವರಿಗೆ ಮರೆದುದ್ ಅಂತ ಇನ್ನೊಬ್ಬ ಸೋದರ ಇದ್ದ. ಅವನ ಮೊಮ್ಮಗನ ಮಗ 1485ರಲ್ಲಿ ಯುದ್ಧ ಗೆದ್ದು ಇಂಗ್ಲೆಂಡಿನ ಸಿಂಹಾಸನ ಏರಿದ. ಏಳನೇ ಹೆನ್ರಿ. ಟ್ಯೂಡರ್ ವಂಶ ಅಂತ ಶಾಲೆಯಲ್ಲಿ ಓದಿದ್ದೀರಲ್ಲ, ಅದೇ.

ನನಗೆ ಕೊಟ್ಟ ಸಮಯದಲ್ಲಿ ಹೆಚ್ಚಿನದು ಬಡಗಿಯೇ ತಿಂದುಬಿಟ್ಟ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕೋಟೆ. ಗೋಡೆ ಇಳಿದ ಮೇಲೆ ಹೋಗಿ. ಒಳಗೆ ಎರಡು ಅಂಗಳ, ಹೊರಗಿನದು ಕಾವಲಿನವರಿಗೆ, ಒಳಗಿನದು ರಾಜರಾಣಿಯರಿಗೆ. ದೊಡ್ಡ ಹಜಾರ ಬಂಡೆಯ ವಾಟಕ್ಕೆ ತಕ್ಕಂತೆ ಬಾಗಿದೆ, ಗಮನಿಸಿ. 1399ರಲ್ಲಿ ಎರಡನೇ ರಿಚರ್ಡ್ ದೊರೆಯನ್ನು ಆಣೆ ಪ್ರಮಾಣ ಮಾಡಿ ನಂಬಿಸಿ ಹೊರಗೆ ಕರೆದು ಸೆರೆಹಿಡಿದದ್ದೂ ಇಲ್ಲಿಂದಲೇ. ಅದು ಇನ್ನೊಂದು ದಿನದ ಮಾತು. ಕಾನ್ವಿ, ಕೆರ್ನಾರ್ವನ್, ಹಾರ್ಲೆಕ್, ಬೋಮಾರಿಸ್ ಈ ನಾಲ್ಕೂ ಕಡೆಯ ಕಟ್ಟಡಗಳು ಸೇರಿ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಊರೊಳಗೆ ಪ್ಲಾಸ್ ಮಾವ್ರ್ ಅಂತ 1576ರಲ್ಲಿ ಕಟ್ಟಲು ಶುರುಮಾಡಿದ ಶ್ರೀಮಂತರ ಮನೆ ಇದೆ, ಚಾವಣಿಯ ಗಾರೆ ಕೆಲಸ ನೋಡಲೇಬೇಕು. ಹಡಗುಕಟ್ಟೆಯ ಮೇಲೆ ಬ್ರಿಟನ್ನಿನ ಅತಿ ಚಿಕ್ಕ ಮನೆ ಅಂತ ಕೆಂಪು ಬಣ್ಣದ ಒಂದು ಮನೆ, 1.8 ಮೀಟರ್ ಅಗಲ. ಅಲ್ಲಿ ಕೊನೆಗೆ ಬಾಳಿದವನು ಆರಡಿ ಮೂರಂಗುಲದ ಬೆಸ್ತ. ಸಾಲು ಉದ್ದ ಇದ್ದರೆ ಹೊರಗಿನಿಂದಲೇ ನೋಡಿ ಮುಂದೆ ನಡೆಯಿರಿ. ಕೋಟೆಯ ಮಗ್ಗುಲಲ್ಲಿ ಟೆಲ್ಫರ್ಡ್ ಕಟ್ಟಿದ 1826ರ ತೂಗುಸೇತುವೆ, ಪಕ್ಕದಲ್ಲೇ ಸ್ಟೀವನ್‌ಸನ್ ಕಟ್ಟಿದ 1848ರ ರೈಲು ಸೇತುವೆ. ಇಂದಿನ ಹೆದ್ದಾರಿ ಎಲ್ಲಿ ಅಂತ ಹುಡುಕಬೇಡಿ, 1991ರಿಂದ ಅದು ನದಿಯ ತಳದ ಸುರಂಗದಲ್ಲಿದೆ.

ಮೊಣಕಾಲು ನೋವಿನವರಿಗೆ ಒಂದು ಮಾತು. ಗೋಡೆಯ ಮೆಟ್ಟಿಲು ಕಡಿದು, ಮಳೆ ಬಂದರೆ ಜಾರುತ್ತವೆ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ಸೀರೆ ಉಟ್ಟವರು ಸೆರಗನ್ನು ಭದ್ರವಾಗಿ ಸಿಕ್ಕಿಸಿಕೊಳ್ಳಿ, ಗಾಳಿ ಜೋರು. ಪೂರ್ತಿ ನಡೆಯಲಾಗದಿದ್ದರೆ ಆ ಪಶ್ಚಿಮದ ಬುರುಜಿನವರೆಗಾದರೂ ಹೋಗಿ. ಚಿತ್ರಾನ್ನ ಕಟ್ಟಿಕೊಂಡು ಹೋದರೆ ಗೋಡೆಯ ಮೇಲೆ ಡಬ್ಬಿ ಬಿಚ್ಚಬೇಡಿ. ಕಡಲಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ರೈಲಿನಲ್ಲಿ ಹೋಗುವವರು ಲ್ಯಾಂಡಿಡ್ನೋ ಜಂಕ್ಷನ್‌ನಲ್ಲಿ ಇಳಿದು, ನದಿ ದಾಟಿ ನಡೆದು ಬಂದರೆ ಕೋಟೆ ಪೂರ್ತಿ ಎದುರಿಗೇ ಕಾಣುತ್ತದೆ. ಕಾನ್ವಿಯಲ್ಲೂ ಒಂದು ಪುಟ್ಟ ನಿಲ್ದಾಣವಿದೆ, ಗೋಡೆಯ ಒಳಗೇ. ಆದರೆ ಅಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ. ಇಳಿಯುವವರು ಗಾರ್ಡಿಗೆ ಮೊದಲೇ ಹೇಳಬೇಕು. ಹತ್ತುವವರು ಪ್ಲಾಟ್‌ಫಾರಂ ಮೇಲೆ ಚಾಲಕನಿಗೆ ಕಾಣುವ ಹಾಗೆ ನಿಂತು ಕೈ ಅಡ್ಡ ಹಿಡಿಯಬೇಕು. ಸಂಕೋಚಪಟ್ಟುಕೊಂಡು ಸುಮ್ಮನೆ ನಿಂತಿರಿ ಅಂದರೆ ರೈಲು ಹೊರಟುಹೋಗುತ್ತದೆ, ಮುಂದಿನದಕ್ಕೆ ಕಾಯಬೇಕು. ಕಾಯುವ ಹೊತ್ತಿನಲ್ಲಿ ಬೇಕಾದರೆ ಗೋಡೆಯ ಇನ್ನೊಂದು ತುಂಡು ಹತ್ತಿ ಬನ್ನಿ.

ನಮಸ್ಕಾರ.