ವೀಸಾ ಬೇಡ ಸರಿ, ಮರಳುವ ಟಿಕೆಟ್ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಹಿಂದೆ ಸರಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಮಂಗಳೂರು, ಉಡುಪಿಯ ಪ್ರವಾಸ ಕಚೇರಿಗಳ ಮುಂದೆ ಒಂದೇ ಬಗೆಯ ಫಲಕಗಳು ಕಾಣಿಸಿಕೊಳ್ಳುತ್ತವೆ: ‘ವೀಸಾ ಬೇಡ, ಪಾಸ್‌ಪೋರ್ಟ್ ಇದ್ದರೆ ಸಾಕು.’ ಫಲಕದ ಮೊದಲರ್ಧ ಸರಿಯಾಗಿಯೇ ಇದೆ. ಉಳಿದರ್ಧದ ಬಗ್ಗೆ ನನ್ನದೊಂದು ತಕರಾರಿದೆ. ಹಂಪನಕಟ್ಟೆಯ ಟಿಕೆಟ್ ಕಚೇರಿಯೊಂದರಲ್ಲಿ ಬಹಳ ಕಾಲ ಕುಳಿತವನಾದ್ದರಿಂದ ಆ ತಕರಾರನ್ನು ನಿಮ್ಮ ಮುಂದೆ ಇಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ವೀಸಾ ಕೇಳುವ ದೇಶಕ್ಕೆ ಹೊರಟಾಗ ನಿಮ್ಮ ಬ್ಯಾಂಕ್ ಖಾತೆ, ಉದ್ಯೋಗ, ಹೋಗುವ ಉದ್ದೇಶ, ಹಿಂದಿರುಗುವ ದಿನ ಎಲ್ಲವನ್ನೂ ರಾಯಭಾರ ಕಚೇರಿಯವರು ಮೊದಲೇ ನೋಡಿ ಮುಗಿಸಿರುತ್ತಾರೆ. ವೀಸಾ ತೆಗೆದುಹಾಕಿದ ಮಾತ್ರಕ್ಕೆ ಆ ವಿಚಾರಣೆ ರದ್ದಾಗಲಿಲ್ಲ. ಅದು ವಿಮಾನ ನಿಲ್ದಾಣದ ಕೌಂಟರಿಗೆ ಬಂದು ಕೂತಿದೆ. ನಡುರಾತ್ರಿ ಕಳೆದ ಹೊತ್ತಿನಲ್ಲಿ, ನಿಮ್ಮ ಹಿಂದೆ ಉದ್ದದ ಸಾಲು ನಿಂತಿರುವಾಗ, ಸಮವಸ್ತ್ರದ ಹುಡುಗಿಯೊಬ್ಬಳು ಕೇಳುತ್ತಾಳೆ: “ಮರಳುವ ಟಿಕೆಟ್ ತೋರಿಸಿ.”

ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದೆ ನಿಲ್ಲುವವರು ಹೆಚ್ಚಾಗಿ ಮೋಜಿಗೆ ಹೊರಟ ತರುಣರಲ್ಲ, ಮಗಳ ಬಾಣಂತನಕ್ಕೆ ಹೊರಟ ತಾಯಂದಿರು. ಮಗಳು, ಅಳಿಯ ಕ್ವಾಲಾಲಂಪುರದಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಉಳಿಯಲು ಬಿಟ್ಟಿದೆ. ಈ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದೆ. ತಾಯಿ ಕುಂದಾಪುರದಿಂದ ಹೊರಡುತ್ತಾರೆ. ಪೆಟ್ಟಿಗೆಯಲ್ಲಿ ಬಾಣಂತಿ ಲೇಹ್ಯ, ತೆಂಗಿನೆಣ್ಣೆ, ಮಗುವಿಗೆ ಹಳೆಯ ಸೀರೆಯ ಮೆತ್ತನೆಯ ಬಟ್ಟೆ. ಟಿಕೆಟ್ ಮಾತ್ರ ಒಂದೇ ದಾರಿಯದ್ದು. “ಅಮ್ಮಾ, ನೀವು ಹಿಂದಕ್ಕೆ ಬರುವುದು ಯಾವಾಗ?” ಎಂದು ಕೇಳಿದರೆ, “ಮಗು ಹುಟ್ಟಲಿ, ಆಮೇಲೆ ನೋಡೋಣ” ಎನ್ನುತ್ತಾರೆ. ಮನೆಯಲ್ಲಿ ಇದು ಸಹಜವಾದ ಉತ್ತರ. ಕೌಂಟರಿನಲ್ಲಿ ಇದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ. ಬಾಣಂತನಕ್ಕೆ ಎರಡು ಮೂರು ತಿಂಗಳು ಬೇಕು, ಅನುಮತಿ ಇರುವುದು 30 ದಿನಕ್ಕೆ. ಪ್ರಾಮಾಣಿಕವಾಗಿ ಮಾತನಾಡಿದ ಆ ತಾಯಿ, ತಾನು ಅವಧಿ ಮೀರುವವಳೆಂದು ತನ್ನ ಬಾಯಿಂದಲೇ ಹೇಳಿದಂತಾಯಿತು.

ವಿಮಾನ ಕಂಪನಿಗೆ ಇದರ ಉಸಾಬರಿ ಯಾಕೆ ಎಂದು ಅಳಿಯಂದಿರು ಫೋನಿನಲ್ಲಿ ಗದರುವುದುಂಟು. ಕಾರಣವಿದೆ. ದೇಶದೇಶಗಳ ನಡುವಿನ ವಿಮಾನಯಾನಕ್ಕೆಂದು ಆದ 1944ರ ಷಿಕಾಗೊ ಒಡಂಬಡಿಕೆಯ ಒಂಬತ್ತನೆಯ ಅನುಬಂಧದ ಪ್ರಕಾರ, ಪ್ರಯಾಣಿಕರ ಬಳಿ ಹೋಗುವ ದೇಶಕ್ಕೆ ಬೇಕಾದ ದಾಖಲೆಗಳಿವೆಯೇ ಎಂದು ನೋಡಿಕೊಳ್ಳಬೇಕಾದುದು ವಿಮಾನ ಕಂಪನಿಯ ಜವಾಬ್ದಾರಿ. ಆ ದೇಶ ಒಳಗೆ ಬಿಡದೆ ಹೋದರೆ ಪ್ರಯಾಣಿಕನನ್ನು ವಾಪಸು ಹೊತ್ತು ತರಬೇಕಾದುದೂ ಅದೇ ಕಂಪನಿ. ಎಷ್ಟೋ ದೇಶಗಳು ಮೇಲಿಂದ ದಂಡವನ್ನೂ ಹಾಕುತ್ತವೆ. ನಮ್ಮ ದೇಶವೇನೂ ಕಡಿಮೆಯಲ್ಲ. ಸರಿಯಾದ ಕಾಗದವಿಲ್ಲದ ಪ್ರಯಾಣಿಕನನ್ನು ಭಾರತಕ್ಕೆ ಕರೆತಂದ ಕಂಪನಿಗೆ ತಲೆಗೆ ಒಂದು ಲಕ್ಷ ರೂಪಾಯಿ ದಂಡ ಹಾಕುವ ಕಾಯ್ದೆಯನ್ನು 2000ದಲ್ಲೇ ಮಾಡಿಕೊಂಡಿತ್ತು. ಈಗ ಅದರ ಜಾಗದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಕಂಪನಿಯ ಹೊಣೆ ಹಾಗೆಯೇ ಉಳಿದಿದೆ. ಕೆನರಾ, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ವಿಮಾನ ಕಂಪನಿ ನಿಮಗೆ ಜಾಮೀನು ನಿಂತಿದೆ. ಸಾಲ ಕೊಟ್ಟವನಿಗಿಂತ ಜಾಮೀನು ನಿಂತವನೇ ಹೆಚ್ಚು ಪ್ರಶ್ನೆ ಕೇಳುತ್ತಾನೆ.

ಕೌಂಟರಿನವರು ಈ ಪ್ರಶ್ನೆಗಳನ್ನು ತಲೆಯಿಂದ ಹುಟ್ಟಿಸುವುದಿಲ್ಲ. ‘ಟಿಮಾಟಿಕ್’ ಎಂಬ ದತ್ತಾಂಶ ಭಂಡಾರವೊಂದಿದೆ. ಅಂತಾರಾಷ್ಟ್ರೀಯ ವಿಮಾನ ಸಾರಿಗೆ ಸಂಘ ನಡೆಸುವ ಇದರಲ್ಲಿ, ಯಾವ ದೇಶದ ಪಾಸ್‌ಪೋರ್ಟಿನವರು ಯಾವ ದೇಶಕ್ಕೆ ಹೋಗಲು ಏನೇನು ಬೇಕು ಎಂಬುದು ಸಿಗುತ್ತದೆ. ಅದರಲ್ಲಿ ‘ಮುಂದಿನ ಪ್ರಯಾಣದ ಟಿಕೆಟ್ ಬೇಕು’ ಎಂದು ಕಂಡರೆ ನಿಮ್ಮ ನಗು, ವಯಸ್ಸು, ಊರಿನ ಹೆಸರು ಯಾವುದೂ ಕೆಲಸಕ್ಕೆ ಬಾರದು.

ನಮ್ಮೂರಿನವರಿಗೆ ಇನ್ನೊಂದು ತೊಡಕಿದೆ. ಬಜ್ಪೆಯಿಂದ ಕೊಲ್ಲಿ ದೇಶಗಳಿಗೆ ನೇರ ವಿಮಾನವಿದೆ, 2006ರ ಅಕ್ಟೋಬರಿನಲ್ಲಿ ದುಬೈ ವಿಮಾನದಿಂದ ಅದು ಆರಂಭವಾಯಿತು. ಪೂರ್ವದ ದೇಶಗಳಿಗೆ ಹೊರಟವರು ಮಾತ್ರ ಸಾಮಾನ್ಯವಾಗಿ ಬೆಂಗಳೂರು, ಮುಂಬಯಿ ಅಥವಾ ಕೊಚ್ಚಿಯಲ್ಲಿ ವಿಮಾನ ಬದಲಿಸುತ್ತಾರೆ. ಹಣ ಉಳಿಯುತ್ತದೆಂದು ಬೆಂಗಳೂರಿನವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯ ಟಿಕೆಟ್ ಕೊಳ್ಳುವುದು ರೂಢಿ. ಆಗ ಬಜ್ಪೆಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಏಕೆಂದರೆ ಅವರ ಪಾಲಿಗೆ ನೀವು ಬೆಂಗಳೂರಿಗೆ ಹೊರಟವರು. ಬಿಡಲು ಬಂದ ಮಗ ಕೆಂಜಾರಿನ ಇಳಿಜಾರು ಇಳಿದು ಮನೆ ಸೇರಿರುತ್ತಾನೆ. ಪ್ರಶ್ನೆ ಎದುರಾಗುವುದು ದೇವನಹಳ್ಳಿಯಲ್ಲಿ, ಪರಿಚಯದವರು ಯಾರೂ ಇಲ್ಲದ ಜಾಗದಲ್ಲಿ.

ಹಾಗಾದರೆ ಯಾವ ಟಿಕೆಟ್ ನಡೆಯುತ್ತದೆ? ಊರಿಗೇ ಮರಳಬೇಕೆಂದಿಲ್ಲ, ಆ ದೇಶದಿಂದ ಹೊರಗೆ ಹೋಗುವ ಟಿಕೆಟ್ ಆದರೂ ಸಾಮಾನ್ಯವಾಗಿ ಸಾಕು. ಅದರ ದಿನಾಂಕ ಅನುಮತಿಯ ಅವಧಿಯೊಳಗೆ ಇರಬೇಕು. 30 ದಿನದ ಅನುಮತಿಗೆ 45ನೆಯ ದಿನದ ಟಿಕೆಟ್ ತೋರಿಸುವವರೂ ಇದ್ದಾರೆ, ಅದು ಟಿಕೆಟ್ ಇಲ್ಲದಿರುವುದಕ್ಕಿಂತ ಕಡೆ. ಹೋಗುವ ಮೂರನೆಯ ದೇಶಕ್ಕೆ ನಿಮಗೆ ಪ್ರವೇಶವಿದೆಯೇ ಎಂಬುದನ್ನೂ ನೋಡುತ್ತಾರೆ. ಮಲೇಷ್ಯಾದಿಂದ ಸಿಂಗಪುರಕ್ಕೆ ಟಿಕೆಟ್ ತೆಗೆದು ತೋರಿಸಿದರೆ, “ಸಿಂಗಪುರದ ವೀಸಾ?” ಎಂಬ ಪ್ರಶ್ನೆ ಬರುತ್ತದೆ, ಏಕೆಂದರೆ ಅಲ್ಲಿಗೆ ನಮಗೆ ವೀಸಾ ಬೇಕು. ಥಾಯ್ಲೆಂಡಿನಿಂದ ಮಲೇಷ್ಯಾಕ್ಕೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗುತ್ತೇನೆ ಎಂಬುದು ನಿಜವಿರಬಹುದು, ಆದರೆ ಕೈಯಲ್ಲಿ ಕಾಗದವಿಲ್ಲದ ಮಾತನ್ನು ಒಪ್ಪುವುದು ಬಿಡುವುದು ಕೌಂಟರಿನವರ ಮರ್ಜಿ.

ಇಲ್ಲಿಯೇ ‘ಡಮ್ಮಿ ಟಿಕೆಟ್’ ವ್ಯಾಪಾರ ಹುಟ್ಟಿಕೊಂಡಿದೆ. ಕೆಲವು ನೂರು ರೂಪಾಯಿ ಕೊಟ್ಟರೆ ಟಿಕೆಟಿನಂತೆ ಕಾಣುವ ಹಾಳೆಯೊಂದನ್ನು ಕಳುಹಿಸುತ್ತಾರೆ. ಕೆಲವದರಲ್ಲಿ ನಿಜವಾದ ಕಾಯ್ದಿರಿಸುವಿಕೆ ಇರುತ್ತದೆ, ಹಣ ಪಾವತಿಯಾಗದೆ ಅದು ಒಂದೆರಡು ದಿನಗಳಲ್ಲಿ ತಾನಾಗಿ ಬಿದ್ದುಹೋಗುತ್ತದೆ. ಇನ್ನು ಕೆಲವು ಕಂಪ್ಯೂಟರಿನಲ್ಲಿ ತಿದ್ದಿ ಬರೆದ ಶುದ್ಧ ಸುಳ್ಳು. ಆರು ಅಕ್ಷರಗಳ ಪಿಎನ್ಆರ್ ಒಂದೇ ಇದ್ದರೆ ಟಿಕೆಟ್ ಆಗಿದೆ ಎಂದರ್ಥವಲ್ಲ. ಹಣ ಸಂದಾಯವಾಗಿ ಟಿಕೆಟ್ ಹೊರಬಿದ್ದಾಗ 13 ಅಂಕಿಗಳ ಸಂಖ್ಯೆಯೊಂದು ಬರುತ್ತದೆ, ಮೊದಲ ಮೂರು ಅಂಕಿ ಕಂಪನಿಯ ಗುರುತು. ಏರ್ ಇಂಡಿಯಾ ಆದರೆ 098. ಆ ಸಂಖ್ಯೆ ಕಾಣದಿದ್ದರೆ ಕೊಟ್ಟವರನ್ನು ಕೇಳಿ. ವಲಸೆ ಅಧಿಕಾರಿಯ ಮುಂದೆ ನಕಲಿ ಕಾಗದ ಹಿಡಿದು ನಿಲ್ಲುವುದಕ್ಕಿಂತ, ದಿನಾಂಕ ಬದಲಿಸಬಹುದಾದ ಟಿಕೆಟಿಗೆ ಸ್ವಲ್ಪ ಹೆಚ್ಚು ತೆರುವುದೇ ಅಗ್ಗ. ನಾನು ಟಿಕೆಟ್ ಮಾರಿದವನು, ಹೀಗೆ ಹೇಳುವುದು ಸ್ವಾರ್ಥದಂತೆ ಕೇಳಬಹುದು. ಕೇಳಲಿ.

ಬಾಣಂತನಕ್ಕೆ ಹೊರಟ ಅಮ್ಮನಿಗೆ ಇನ್ನೊಂದು ಗಂಟಿದೆ. ಅವರು ಹತ್ತನೆಯ ತರಗತಿ ಮುಗಿಸಿಲ್ಲದಿದ್ದರೆ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’, ಅಂದರೆ ‘ವಲಸೆ ತಪಾಸಣೆ ಬೇಕು’ ಎಂದು ಮುದ್ರಿತವಾಗಿರುವ ಸಾಧ್ಯತೆಯಿದೆ. ದುಡಿಯಲು ಹೋಗುವ ಬಡವರು ಮೋಸಹೋಗದಿರಲೆಂದು 1983ರ ವಲಸೆ ಕಾಯ್ದೆಯಡಿ ಬಂದ ಏರ್ಪಾಡು ಇದು. ಸೌದಿ, ಕುವೈತ್, ಕತಾರ್, ಒಮಾನ್, ಬಹರೈನ್ ಮೊದಲಾದ 18 ದೇಶಗಳ ಪಟ್ಟಿಯಲ್ಲಿ ಮಲೇಷ್ಯಾ, ಥಾಯ್ಲೆಂಡ್, ಇಂಡೊನೇಷ್ಯಾಗಳೂ ಇವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಇಂಥ ಪಾಸ್‌ಪೋರ್ಟ್ ಇದ್ದವರು ಈ ದೇಶಗಳಿಗೆ ದುಡಿಮೆಗಲ್ಲದೆ ಬರಿಯ ಭೇಟಿಗೆ ಹೋಗುವಾಗ ಮರಳುವ ಟಿಕೆಟ್ ತೋರಿಸಬೇಕು. ಅದನ್ನು ಕೇಳುವವರು ಆ ದೇಶದವರಲ್ಲ, ನಮ್ಮದೇ ವಲಸೆ ಅಧಿಕಾರಿಗಳು. 50 ವರ್ಷ ದಾಟಿದವರು ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಈ ಮುದ್ರೆಯನ್ನು ತೆಗೆಸಿಕೊಳ್ಳಬಹುದು. ಮಗಳು ಗರ್ಭಿಣಿಯಾಗಿ ಮೂರು ತಿಂಗಳು ತುಂಬಿದಾಗಲೇ ಈ ಕೆಲಸಕ್ಕೆ ಹೊರಟರೆ ಅವಸರವಾಗುವುದಿಲ್ಲ. 30 ದಿನಕ್ಕಿಂತ ಹೆಚ್ಚು ಉಳಿಯಬೇಕಾದರೆ ಅಲ್ಲಿ ಉದ್ಯೋಗದಲ್ಲಿರುವ ಅಳಿಯ ತನ್ನ ಕಂಪನಿಯ ಮೂಲಕ ಬೇರೆ ಅನುಮತಿ ಸಾಧ್ಯವೇ ಎಂದು ಮೊದಲೇ ವಿಚಾರಿಸಲಿ.

ಇನ್ನು ದಿನಗಳ ಲೆಕ್ಕ. ಥಾಯ್ಲೆಂಡ್, ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳು ಸೇರಿದಂತೆ ಹೆಚ್ಚಿನ ಕಡೆಗಳಲ್ಲಿ ಇಳಿದ ದಿನವೇ ಮೊದಲನೆಯ ದಿನ. ಮಾರ್ಚ್ 5ರ ರಾತ್ರಿ ಹನ್ನೊಂದೂವರೆಗೆ ಇಳಿದರೂ ಆ ಅರ್ಧ ಗಂಟೆ ಒಂದು ಪೂರ್ಣ ದಿನ. 30 ದಿನದ ಅನುಮತಿ ಏಪ್ರಿಲ್ 3ಕ್ಕೆ ಮುಗಿಯುತ್ತದೆ, ಏಪ್ರಿಲ್ 5ಕ್ಕಲ್ಲ. ‘ಏಪ್ರಿಲ್ 3ರ ರಾತ್ರಿಯ ವಿಮಾನ’ ಎಂದು ನಾವು ಬಾಯಲ್ಲಿ ಹೇಳುವುದು 4ರ ಬೆಳಗಿನ ಜಾವ ಹನ್ನೆರಡೂವರೆಯದ್ದಾಗಿದ್ದರೆ ನೀವು ಅವಧಿ ಮೀರಿದಿರಿ. ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದ ಕೂಡಲೇ ಅಲ್ಲಿಯೇ ನಿಂತು ದಿನಾಂಕ ಓದಿಕೊಳ್ಳಿ. ಫಲಕ ಏನು ಹೇಳಿತು ಎಂಬುದಕ್ಕಿಂತ ಠಸ್ಸೆ ಏನು ಹೇಳುತ್ತದೆ ಎಂಬುದೇ ಊರ್ಜಿತ.

ಕಜಾಕಿಸ್ತಾನದ ಲೆಕ್ಕ ಇನ್ನೂ ಬಿಗಿ. 2022ರಿಂದ ನಮಗೆ ವೀಸಾ ಇಲ್ಲದೆ ಒಂದು ಸಲಕ್ಕೆ 14 ದಿನ, 180 ದಿನಗಳಲ್ಲಿ ಒಟ್ಟು 42 ದಿನ. ಫಿಲಿಪ್ಪೀನ್ಸ್ 2025ರ ಜೂನಿನಿಂದ 14 ದಿನ ಕೊಟ್ಟಿದೆ. ಅದನ್ನು ವಿಸ್ತರಿಸಲು ಆಗದು, ಜೊತೆಗೆ ಮರಳುವ ಅಥವಾ ಮುಂದಿನ ಟಿಕೆಟ್, ಉಳಿಯುವ ಜಾಗದ ದಾಖಲೆ, ಖರ್ಚಿಗೆ ಹಣವಿರುವ ಪುರಾವೆ ಇವೆಲ್ಲ ಅದರ ನಿಯಮದಲ್ಲೇ ಬರೆದಿವೆ. ನೇಪಾಳಕ್ಕೆ ನಮಗೆ ಈ ಯಾವ ರಗಳೆಯೂ ಇಲ್ಲ, ಮತದಾರರ ಗುರುತಿನ ಚೀಟಿ ಇದ್ದರೂ ನಡೆಯುತ್ತದೆ.

ಷೆಂಗೆನ್‌ಗೆ ನಮಗೆ ವೀಸಾ ಬೇಕೇ ಬೇಕು, ಆದರೂ ಈ ಮಾತು ಹೇಳದೆ ಮುಂದೆ ಹೋಗಲಾರೆ. ಮಣಿಪಾಲದಲ್ಲಿ ಓದಿ ಜರ್ಮನಿಗೆ ಹೋದ ಮಕ್ಕಳ ತಂದೆತಾಯಂದಿರಿಗೆ ಹಲವು ವರ್ಷಗಳ ವೀಸಾ ಸಿಕ್ಕಾಗ ಅಷ್ಟೂ ವರ್ಷ ಅಲ್ಲಿರಬಹುದೆಂಬ ಭಾವನೆ ಬರುತ್ತದೆ. ಯಾವುದೇ 180 ದಿನಗಳಲ್ಲಿ 90 ದಿನ, ಅಷ್ಟೇ. ಈ 180 ದಿನ ಜನವರಿಯಿಂದ ಜೂನ್ ಎಂದು ನಿಂತ ಲೆಕ್ಕವಲ್ಲ, ಪ್ರತಿ ದಿನವೂ ಹಿಂದಕ್ಕೆ ತಿರುಗಿ ಎಣಿಸುವಂಥದ್ದು. ಇಷ್ಟು ದಿನ ಠಸ್ಸೆ ಹುಡುಕಿ ಪುಟ ತಿರುವುವ ಅಧಿಕಾರಿಯ ಕಣ್ಣಿಗೆ ಒಂದೆರಡು ದಿನ ತಪ್ಪಿಹೋಗುತ್ತಿತ್ತೇನೋ. 2025ರ ಅಕ್ಟೋಬರ್ 12ರಿಂದ ಅಲ್ಲಿ ಕಂಪ್ಯೂಟರೇ ಬಂದ ದಿನ, ಹೋದ ದಿನ ಬರೆದಿಡುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬರತೊಡಗಿತು. ಅದಕ್ಕೆ ದಾಕ್ಷಿಣ್ಯವಿಲ್ಲ.

ಅವಧಿ ಮೀರಿದರೆ ಏನಾಗುತ್ತದೆ? ಥಾಯ್ಲೆಂಡಿನಲ್ಲಿ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000 ಬಾತ್. ಕೆಲವರು ಇದನ್ನು ಹೋಟೆಲ್ ಬಾಡಿಗೆಯಂತೆ ಲೆಕ್ಕ ಹಾಕಿ, ಕಟ್ಟಿದರಾಯಿತು ಎನ್ನುತ್ತಾರೆ. 90 ದಿನಕ್ಕಿಂತ ಹೆಚ್ಚು ಮೀರಿ ತಾನಾಗಿ ಹೊರಟವನಿಗೆ ಒಂದು ವರ್ಷ ಪ್ರವೇಶವಿಲ್ಲ. ಸಿಕ್ಕಿಬಿದ್ದವನಿಗೆ ಕನಿಷ್ಠ ಐದು ವರ್ಷ. ದುಬೈಯಲ್ಲಿ ಸಂದರ್ಶಕ ವೀಸಾ ಮೀರಿದರೆ ದಿನಕ್ಕೆ 50 ದಿರ್ಹಮ್.

ಮರಳುವ ಟಿಕೆಟ್ ಕೇಳುವುದರ ಹಿಂದೆ ಇನ್ನೂ ಒಂದು ಕಥೆಯಿದೆ, ಅದನ್ನು ಉದ್ಯೋಗ ಹುಡುಕುವ ಮಕ್ಕಳಿರುವ ಮನೆಯವರು ಕೇಳಬೇಕು. ‘ವೀಸಾ ಬೇಡ, ಥಾಯ್ಲೆಂಡಿಗೆ ಪ್ರವಾಸಿಗನಾಗಿ ಬಾ, ಅಲ್ಲಿ ಕಂಪ್ಯೂಟರ್ ಕೆಲಸ ಕೊಡುತ್ತೇವೆ’ ಎಂದು ಕರೆಸಿಕೊಂಡವರನ್ನು ಮೇ ಸೋಟ್ ಎಂಬ ಗಡಿ ಊರಿನಿಂದ ಮೋಯಿ ನದಿ ದಾಟಿಸಿ, ಮ್ಯಾನ್ಮಾರಿನ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದರು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಭಾರತ ಎರಡು ತಂಡಗಳಲ್ಲಿ ಒಟ್ಟು 549 ಮಂದಿಯನ್ನು ಅಲ್ಲಿಂದ ಕರೆತಂದಿತು. ಇರಾನ್ 2024ರ ಫೆಬ್ರವರಿಯಲ್ಲಿ ನಮಗೆ 15 ದಿನ ವೀಸಾ ಇಲ್ಲದೆ ಬಾಗಿಲು ತೆರೆದಿತ್ತು. ಉದ್ಯೋಗದ ಆಸೆ ತೋರಿಸಿ ಭಾರತೀಯರನ್ನು ಕರೆಸಿಕೊಂಡು ಒತ್ತೆಹಣಕ್ಕಾಗಿ ಅಪಹರಿಸಿದ ಪ್ರಕರಣಗಳು ನಡೆದ ಮೇಲೆ 2025ರ ನವೆಂಬರ್ 22ರಿಂದ ಅದನ್ನು ನಿಲ್ಲಿಸಲಾಯಿತು. ಪ್ರವಾಸಿಗನಾಗಿ ಬಂದು ದುಡಿಯಲು ಸೇರು ಎನ್ನುವ ಯಾವ ಕೆಲಸವೂ ಕೆಲಸವಲ್ಲ. ಅಂಥವರು ಮರಳುವ ಟಿಕೆಟನ್ನೂ ತಾವೇ ತೆಗೆದುಕೊಡುತ್ತಾರೆ, ಆದ್ದರಿಂದ ಟಿಕೆಟ್ ಇದೆ ಎಂಬ ಒಂದೇ ಕಾರಣಕ್ಕೆ ನಂಬಿಬಿಡಬೇಡಿ.

ಈ ನಿಯಮಗಳು ನಿಂತಲ್ಲಿ ನಿಲ್ಲುವುದಿಲ್ಲ. ಥಾಯ್ಲೆಂಡ್ 2023ರ ನವೆಂಬರಿನಲ್ಲಿ 30 ದಿನ ಎಂದಿತು, 2024ರ ಜುಲೈ 15ರಿಂದ 60 ದಿನ ಎಂದಿತು, ಅದನ್ನು ಮತ್ತೆ ತಗ್ಗಿಸುವ ಮಾತನ್ನು ಮರುವರ್ಷವೇ ಆಡತೊಡಗಿತು. ಹೋದ ವರ್ಷ ಹೋಗಿಬಂದ ಭಾವನನ್ನು ಕೇಳಿ ಟಿಕೆಟ್ ಕೊಳ್ಳಬೇಡಿ. ಟಿಕೆಟ್ ಕೊಳ್ಳುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಆ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನು ನೋಡಿ, ವಿಮಾನ ಕಂಪನಿಯನ್ನೂ ಕೇಳಿ. ಪಾಸ್‌ಪೋರ್ಟಿನಲ್ಲಿ ಆರು ತಿಂಗಳಾದರೂ ಅವಧಿ ಉಳಿದಿರಲಿ. ಮರಳುವ ಟಿಕೆಟ್, ಹೋಟೆಲಿನ ಚೀಟಿ, ಅಲ್ಲಿರುವ ಮಗಳ ವಿಳಾಸ ಇವುಗಳನ್ನು ಕಾಗದದಲ್ಲಿ ಮುದ್ರಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಪೆಟ್ಟಿಗೆಯೊಳಗೆ ಲೇಹ್ಯದ ಡಬ್ಬಿಯ ಅಡಿಯಲ್ಲಿ ಇಟ್ಟರೆ ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಬೇಕಾಗುತ್ತದೆ.

ಕೊನೆಯದಾಗಿ ಡಿಜಿಟಲ್ ಆಗಮನ ಚೀಟಿ. ಮಲೇಷ್ಯಾ 2024ರ ಆರಂಭದಿಂದ, ಥಾಯ್ಲೆಂಡ್ 2025ರ ಮೇ 1ರಿಂದ ಇದನ್ನು ಕಡ್ಡಾಯ ಮಾಡಿವೆ. ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಅಂತರ್ಜಾಲದಲ್ಲಿ ತುಂಬಬೇಕು. ಎರಡೂ ಸರ್ಕಾರಗಳು ಇದಕ್ಕೆ ಒಂದು ಪೈಸೆಯನ್ನೂ ಕೇಳುವುದಿಲ್ಲ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಜಾಲತಾಣಗಳು ಡಾಲರಿನಲ್ಲಿ ಶುಲ್ಕ ಕೇಳಿದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ತುಂಬಿದ ಮೇಲೆ ಮಿಂಚಂಚೆಗೆ ಬರುವ ಪ್ರತಿಯನ್ನು ಮೊಬೈಲಿನಲ್ಲೂ ಕಾಗದದಲ್ಲೂ ಇಟ್ಟುಕೊಳ್ಳಿ.

ನಮಸ್ಕಾರ.